ಮುದಿ ಎತ್ತು, ವಧಾ ನಿಯಂತ್ರಣ ಕಾನೂನು ಮತ್ತು ರೈತನ ಲೆಕ್ಕ

(ರೈತರು ಮತ್ತು ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಪಾಠ)



ಕಳೆದ ಸಲ ನಾನು ಈ ಶಿಬಿರಕ್ಕೆ ಬಂದಿದ್ದಾಗ ಒಣಬೇಸಾಯದಲ್ಲಿ ಕೊಟ್ಟಿಗೆ ಗೊಬ್ಬರದ ಮಹತ್ವವನ್ನು ಕುರಿತು ಮಾತನಾಡಿದ್ದೆ. ಭಾಷಣ ಮುಗಿದ ಮೇಲೆ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಎದ್ದು ನಿಂತು, "ಸ್ವಾಮಿ, ಗೊಬ್ಬರದ ವಿಷಯ ತಿಳೀತು. ಆ ಗೊಬ್ಬರ ಹಾಕೋ ನಮ್ಮ ಎತ್ತಿಗೆ ಹದಿನಾಲ್ಕು ವರ್ಷ ಆಯ್ತು. ಉಳೋಕೆ ಆಗಲ್ಲ, ಕೊಳ್ಳೋರು ಬರಲ್ಲ. ಮೆದೇಲಿ ಹುಲ್ಲು ಯುಗಾದಿ ದಾಟಲ್ಲ. ಇದಕ್ಕೇನು ಹೇಳ್ತೀರಿ?" ಎಂದು ಕೇಳಿದರು. ಸಭೆಯಲ್ಲಿ ಯಾರೂ ನಗಲಿಲ್ಲ. ಅದು ಅಲ್ಲಿದ್ದ ಬಹುಮಂದಿಯ ಪ್ರಶ್ನೆಯೇ ಆಗಿತ್ತು. ನನ್ನ ಬಳಿ ಅಂದು ಸರಿಯಾದ ಉತ್ತರವಿರಲಿಲ್ಲ. ಇಂದಿನ ಉಪನ್ಯಾಸಕ್ಕೆ ಆ ಪ್ರಶ್ನೆಯನ್ನೇ ವಿಷಯವಾಗಿ ಆರಿಸಿಕೊಂಡಿದ್ದೇನೆ.

ನಾನು ಬೇಸಾಯಶಾಸ್ತ್ರದ ಉಪನ್ಯಾಸಕ. ಪಶುವೈದ್ಯನೂ ಅಲ್ಲ, ವಕೀಲನೂ ಅಲ್ಲ. ಜಾನುವಾರು ವಧೆಯ ಕಾನೂನು ಹೇಗಿರಬೇಕೆಂಬ ಬಗ್ಗೆ ನಮ್ಮ ನಾಡಿನಲ್ಲಿ ಬಲವಾದ ಅಭಿಪ್ರಾಯಭೇದಗಳಿವೆ. ಶ್ರದ್ಧೆ, ಆಹಾರ, ಕಸುಬು ಎಲ್ಲವೂ ಅದರಲ್ಲಿ ಸೇರಿವೆ. ಅದನ್ನು ತೀರ್ಮಾನಿಸುವುದು ಶಾಸನಸಭೆಯ, ನ್ಯಾಯಾಲಯದ ಹಾಗೂ ಮತದಾರರ ಕೆಲಸ. ಆದರೆ ಒಂದು ಮಾತನ್ನು ಬೇಸಾಯಶಾಸ್ತ್ರದವನಾಗಿ ಹೇಳಬಲ್ಲೆ. ಕಾನೂನು ಯಾವುದೇ ಇರಲಿ, ಪ್ರಾಣಿಯ ಕೊನೆಯ ವರ್ಷಗಳ ಮೇವಿನ ಖರ್ಚು ಇಲ್ಲವಾಗುವುದಿಲ್ಲ. ಆ ಖರ್ಚು ಯಾರ ಹೆಗಲಿಗೆ ಬೀಳಬೇಕೆಂಬುದನ್ನು ಮಾತ್ರ ಕಾನೂನು ಬದಲಾಯಿಸುತ್ತದೆ. ಈಗಿನ ಕಾನೂನಿನಂತೆ ಅದು ಬಹುಮಟ್ಟಿಗೆ ಸಾಕಿದವನ ಹೆಗಲ ಮೇಲೇ ಇದೆ. ಆದಕಾರಣ ಪ್ರಾಣಿ ಮುದಿಯಾದ ದಿನ ಯೋಚಿಸಿದರೆ ಸಾಲದು, ಕರು ಹುಟ್ಟಿದ ದಿನವೇ ಯೋಚಿಸಬೇಕು.

ಕಾನೂನು ಬಂದ ದಾರಿ

ವಧೆಯ ಮೇಲಿನ ಸರ್ಕಾರಿ ನಿಯಂತ್ರಣ ಹೊಸದೇನಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಉಳುವ ದನಗಳು ಕಡಿಮೆಯಾಗುವ ಭಯ ಹುಟ್ಟಿದಾಗ, 1944ರಲ್ಲಿ ಅಂದಿನ ಭಾರತ ಸರ್ಕಾರ ಕೆಲಸಕ್ಕೆ ಯೋಗ್ಯವಾದ ಮೂರರಿಂದ ಹತ್ತು ವರ್ಷದೊಳಗಿನ ದನಗಳ ಹಾಗೂ ಗಬ್ಬದ ಮತ್ತು ಹಾಲು ಕೊಡುವ ಹಸುಗಳ ವಧೆಗೆ ನಿರ್ಬಂಧ ಹಾಕಿತು. ದುಡಿಯುವ ಪ್ರಾಣಿ ಕೈತಪ್ಪಿ ಹೋಗಬಾರದೆಂಬುದು ಅದರ ಉದ್ದೇಶ.

ನಮ್ಮ ಸಂವಿಧಾನದ 48ನೆಯ ಅನುಚ್ಛೇದದಲ್ಲಿ ರಾಜ್ಯವು ಬೇಸಾಯವನ್ನೂ ಪಶುಸಂಗೋಪನೆಯನ್ನೂ ಆಧುನಿಕ ಹಾಗೂ ವೈಜ್ಞಾನಿಕ ರೀತಿಯಲ್ಲಿ ಸಂಘಟಿಸಲು ಪ್ರಯತ್ನಿಸಬೇಕು, ತಳಿಗಳನ್ನು ಕಾಪಾಡಿ ಉತ್ತಮಪಡಿಸಬೇಕು, ಹಸು, ಕರು ಮತ್ತು ಇತರ ಹಾಲು ಕೊಡುವ ಹಾಗೂ ಉಳುವ ದನಗಳ ವಧೆಯನ್ನು ನಿಷೇಧಿಸಲು ಕ್ರಮ ಕೈಗೊಳ್ಳಬೇಕು ಎಂದಿದೆ. ಇದು ನಿರ್ದೇಶಕ ತತ್ವ. ಜಾನುವಾರು ಸಂರಕ್ಷಣೆ ರಾಜ್ಯಗಳ ಪಟ್ಟಿಗೆ ಸೇರಿದ ವಿಷಯವಾದುದರಿಂದ ರಾಜ್ಯರಾಜ್ಯಕ್ಕೆ ಕಾನೂನು ಬೇರೆ ಬೇರೆಯಾಗಿದೆ.

ಕರ್ನಾಟಕದಲ್ಲಿ ಗೋವಧೆ ಪ್ರತಿಬಂಧಕ ಮತ್ತು ಜಾನುವಾರು ಪರಿರಕ್ಷಣಾ ಅಧಿನಿಯಮ 1964ರಲ್ಲಿ ಬಂದಿತು. ಅದರಂತೆ ಹಸು, ಹಸುವಿನ ಕರು ಮತ್ತು ಎಮ್ಮೆಯ ಕರುಗಳ ವಧೆಗೆ ನಿಷೇಧವಿತ್ತು. ಎತ್ತು, ಹೋರಿ, ಕೋಣ, ಎಮ್ಮೆಗಳು 12 ವರ್ಷ ದಾಟಿದ್ದರೆ, ಅಥವಾ ಉಳುಮೆಗೆ, ತಳಿಗೆ, ಹಾಲಿಗೆ ಶಾಶ್ವತವಾಗಿ ನಿರುಪಯುಕ್ತವಾಗಿದ್ದರೆ, ಅಧಿಕಾರಿಯ ದೃಢೀಕರಣ ಪತ್ರ ಪಡೆದು ವಧೆ ಮಾಡಬಹುದಾಗಿತ್ತು. ತಪ್ಪಿದರೆ ಆರು ತಿಂಗಳವರೆಗೆ ಸೆರೆವಾಸ, ಅಥವಾ 1,000 ರೂ.ವರೆಗೆ ದಂಡ, ಅಥವಾ ಎರಡೂ. ಅಂದರೆ ಮುದಿ ಎತ್ತಿಗೆ ಕಾನೂನಿನ ಒಳಗೇ ಒಂದು ಬೆಲೆ ಇತ್ತು. ಆ ಹಣಕ್ಕೆ ಒಂದಿಷ್ಟು ಸೇರಿಸಿ ರೈತ ಹೊಸ ಹೋರಿಯನ್ನು ತರುತ್ತಿದ್ದ.

ನ್ಯಾಯಾಲಯದ ನೋಟವೂ ಬದಲಾಗುತ್ತ ಬಂದಿತು. ಬಿಹಾರ, ಉತ್ತರ ಪ್ರದೇಶ, ಮಧ್ಯಪ್ರದೇಶಗಳ ಕಾನೂನುಗಳ ಬಗ್ಗೆ 1958ರಲ್ಲಿ ತೀರ್ಪು ನೀಡಿದ ಸರ್ವೋಚ್ಚ ನ್ಯಾಯಾಲಯ ಹಸು ಮತ್ತು ಕರುಗಳ ಸಂಪೂರ್ಣ ವಧಾ ನಿಷೇಧವನ್ನು ಎತ್ತಿಹಿಡಿಯಿತು. ಆದರೆ ಉಪಯೋಗ ತೀರಿದ ಎತ್ತು, ಹೋರಿ, ಎಮ್ಮೆಗಳಿಗೂ ಸಂಪೂರ್ಣ ನಿಷೇಧ ಹಾಕುವುದು ಸಮಂಜಸವಲ್ಲ ಎಂದಿತು. ಮುಂದೆ 2005ರಲ್ಲಿ ಗುಜರಾತಿನ ಕಾನೂನಿನ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ, ಒಬ್ಬರ ಭಿನ್ನಮತದೊಡನೆ, ಎತ್ತು ಹೋರಿಗಳ ಸಂಪೂರ್ಣ ನಿಷೇಧವನ್ನೂ ಎತ್ತಿಹಿಡಿಯಿತು. ವಯಸ್ಸಾದ ದನವೂ ಸಗಣಿ, ಗಂಜಲ ಕೊಡುತ್ತದೆ, ಆದ್ದರಿಂದ ಅದನ್ನು ನಿರುಪಯುಕ್ತ ಎನ್ನಲಾಗದು ಎಂಬುದು ಬಹುಮತದ ತೀರ್ಪಿನ ಮುಖ್ಯ ಕಾರಣಗಳಲ್ಲಿ ಒಂದು. ಈ ಸಗಣಿಯ ಲೆಕ್ಕಕ್ಕೆ ಮುಂದೆ ಬರುತ್ತೇನೆ.

ಈಗಿನ ಕಾನೂನು

ಕರ್ನಾಟಕದಲ್ಲಿ 2010ರಲ್ಲಿ ಕಠಿಣವಾದ ಮಸೂದೆಯೊಂದು ಅಂಗೀಕಾರವಾದರೂ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಸಿಗದೆ ನಿಂತುಹೋಯಿತು. ಅನಂತರ ಬಂದ ಕರ್ನಾಟಕ ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣಾ ಅಧಿನಿಯಮ, 2020, ಜನವರಿ 2021ರಿಂದ ಅನ್ವಯವಾಯಿತು. ಇದರಲ್ಲಿ ರೈತರು ಮುಖ್ಯವಾಗಿ ತಿಳಿಯಬೇಕಾದದ್ದು ಮೂರು ಸಂಗತಿ.

ಮೊದಲನೆಯದು, "ಜಾನುವಾರು" ಎಂದರೆ ಹಸು, ಹಸುವಿನ ಕರು, ಹೋರಿ ಮತ್ತು ಎತ್ತು, ಯಾವ ವಯಸ್ಸಿನದಾದರೂ ಸರಿ. ಜೊತೆಗೆ 13 ವರ್ಷಕ್ಕಿಂತ ಕಡಿಮೆ ವಯಸ್ಸಿನ ಎಮ್ಮೆ ಮತ್ತು ಕೋಣ. ಹಿಂದಿನ ಕಾನೂನಿನಲ್ಲಿ 12 ವರ್ಷ ದಾಟಿದ ಎತ್ತಿಗಿದ್ದ ಅವಕಾಶ ಇದರಲ್ಲಿ ಇಲ್ಲ. 13 ವರ್ಷ ದಾಟಿದ ಎಮ್ಮೆ ಕೋಣಗಳ ವಧೆಗೆ ಮಾತ್ರ ದೃಢೀಕರಣದ ಮೇಲೆ ಅವಕಾಶವಿದೆ.

ಎರಡನೆಯದು, ಶಿಕ್ಷೆ ಬಹಳ ಹೆಚ್ಚಾಗಿದೆ. ವಧೆಯ ಅಪರಾಧಕ್ಕೆ ಮೂರರಿಂದ ಏಳು ವರ್ಷ ಸೆರೆವಾಸ, ಒಂದೊಂದು ಜಾನುವಾರಿಗೆ 50 ಸಾವಿರದಿಂದ 5 ಲಕ್ಷ ರೂ.ವರೆಗೆ ದಂಡ. ಕೊಂದವನಿಗೆ ಮಾತ್ರ ಅನ್ವಯವೆಂದು ತಿಳಿಯಬೇಡಿ. ವಧೆಗೆಂದು ಗೊತ್ತಿದ್ದೂ ಮಾರುವುದು, ಕೊಳ್ಳುವುದು, ಸಾಗಿಸುವುದು ಕೂಡ ಅಪರಾಧ. ಕತ್ತಲಾದ ಮೇಲೆ ಬಂದು, ಹೆಸರು ಊರು ಹೇಳದೆ, ಕೈಗೆ ಒಂದೆರಡು ಸಾವಿರ ಇಟ್ಟು ಎತ್ತು ಹೊಡೆದುಕೊಂಡು ಹೋಗುವ ದಲ್ಲಾಳಿಯಿಂದ ನಿಮಗೆ ಸಿಗುವುದು ಅಲ್ಪ ಹಣ. ಮೈಮೇಲೆ ಬರುವುದು ದೊಡ್ಡ ಮೊಕದ್ದಮೆ.

ಮೂರನೆಯದು, ಬೇಸಾಯಕ್ಕೂ ಪಶುಸಂಗೋಪನೆಗೂ ಜಾನುವಾರು ಕೊಳ್ಳುವುದು, ಮಾರುವುದು, ಸಾಗಿಸುವುದು ಅಪರಾಧವಲ್ಲ. ಘಾಟಿ ಸುಬ್ರಹ್ಮಣ್ಯದ ಜಾತ್ರೆಯಿಂದ, ಸಿದ್ಧಗಂಗೆಯ ಜಾತ್ರೆಯಿಂದ ಜೋಡಿ ತರುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ಆದರೆ ಉದ್ದೇಶವನ್ನು ತೋರಿಸುವ ಕಾಗದಪತ್ರ ಕೈಯಲ್ಲಿರಬೇಕು. ಕೊಂಡವನ, ಮಾರಿದವನ ಹೆಸರು ವಿಳಾಸವಿರುವ ರಸೀದಿ, ಕಿವಿಯೋಲೆಯ ಸಂಖ್ಯೆ, ಪಶುವೈದ್ಯಾಧಿಕಾರಿಯ ಪ್ರಮಾಣಪತ್ರ, ಇವುಗಳನ್ನು ಹೊರಡುವ ಮುನ್ನ ಸಿದ್ಧಪಡಿಸಿಕೊಳ್ಳಬೇಕು. ಸಾಗಣೆಯ ನಿಯಮಗಳಿಗೆ ತಿದ್ದುಪಡಿ ಆಗುವುದುಂಟು. ಆದ್ದರಿಂದ ಪ್ರತಿ ಸಲವೂ ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸುವುದು ಒಳ್ಳೆಯದು. ಪ್ರಾಣಿಗಳ ಸಾಗಣೆಯ 1978ರ ಕೇಂದ್ರ ನಿಯಮಗಳಂತೆ ಒಂದು ಲಾರಿಯಲ್ಲಿ ಆರಕ್ಕಿಂತ ಹೆಚ್ಚು ದನಗಳನ್ನು ಸಾಗಿಸುವಂತಿಲ್ಲ ಎಂಬುದೂ ನೆನಪಿರಲಿ. ಬಾಡಿಗೆ ಉಳಿಸಲು ಹತ್ತು ದನ ತುಂಬಿದರೆ ಬೇಸಾಯದ ಉದ್ದೇಶವಿದ್ದರೂ ತಪ್ಪಾಗುತ್ತದೆ.

ಇನ್ನೊಂದು ಮಾತು. ತಪಾಸಣೆ ಮಾಡುವ, ಜಾನುವಾರು ವಶಪಡಿಸಿಕೊಳ್ಳುವ ಅಧಿಕಾರವನ್ನು ಈ ಕಾನೂನು ಕೊಟ್ಟಿರುವುದು ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿಗೆ ಮತ್ತು ಸಕ್ಷಮ ಪ್ರಾಧಿಕಾರಿಗೆ. ದಾರಿಯಲ್ಲಿ ಬೇರೆ ಯಾರಾದರೂ ಗುಂಪುಗೂಡಿ ತಡೆದರೆ ಜಗಳಕ್ಕೆ ನಿಲ್ಲದೆ 112ಕ್ಕೆ ಕರೆ ಮಾಡಿ ಪೊಲೀಸರನ್ನು ಬರಮಾಡಿಕೊಳ್ಳಿ, ನಿಮ್ಮ ಕಾಗದವನ್ನು ಅವರಿಗೆ ತೋರಿಸಿ.

ಹಲ್ಲು ನೋಡಿ ಹೇಳಲಾಗದ ವಯಸ್ಸು

ಎಮ್ಮೆ ಕೋಣಗಳ ವಿಷಯದಲ್ಲಿ 13 ವರ್ಷ ಎಂಬ ಗಡಿಯನ್ನು ಕಾನೂನು ಹಾಕಿದೆ. ಆದರೆ ವಯಸ್ಸನ್ನು ತಿಳಿಯುವುದು ಹೇಗೆ? ನಮ್ಮ ಹಿರಿಯರು ಬಾಯಿ ಬಿಡಿಸಿ ನೋಡುತ್ತಿದ್ದರು. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು ಎಂಬ ಲೆಕ್ಕ ನಿಮಗೆಲ್ಲ ಗೊತ್ತು. ದನಗಳಲ್ಲಿ ಎರಡು ವರ್ಷದ ಸುಮಾರಿಗೆ ಮೊದಲ ಜೋಡಿ ಹಲ್ಲು ಬಂದು, ಐದು ವರ್ಷದ ಹೊತ್ತಿಗೆ ಬಾಯಿಗೂಡುತ್ತದೆ. ಎಮ್ಮೆಗಳಲ್ಲಿ ಸ್ವಲ್ಪ ತಡ. ಅಲ್ಲಿಯವರೆಗೆ ಈ ಲೆಕ್ಕ ಬಹುಮಟ್ಟಿಗೆ ಸರಿ. ಅನಂತರ ಹಲ್ಲಿನ ಸವೆತವನ್ನು, ಕೊಂಬಿನ ಉಂಗುರಗಳನ್ನು ನೋಡಿ ಅಂದಾಜು ಮಾಡಬೇಕಾಗುತ್ತದೆ. ಕಲ್ಲುನೆಲದ ಕುರುಚಲು ಮೇದ ಎಮ್ಮೆಯ ಹಲ್ಲು ಬೇಗ ಸವೆಯುತ್ತದೆ, ಮೆತ್ತನೆಯ ಹಸಿಮೇವು ತಿಂದದ್ದರ ಹಲ್ಲು ನಿಧಾನವಾಗಿ ಸವೆಯುತ್ತದೆ. ಹನ್ನೊಂದೋ ಹದಿಮೂರೋ ಎಂದು ಬಾಯಿ ನೋಡಿ ಖಚಿತವಾಗಿ ಹೇಳುವುದು ನುರಿತ ಪಶುವೈದ್ಯರಿಗೂ ಕಷ್ಟ.

ಆದುದರಿಂದ ಇಂದು ವಯಸ್ಸಿಗೆ ನಿಜವಾದ ಸಾಕ್ಷಿ ದಾಖಲೆ. ಜಾನುವಾರುಗಳ ಕಿವಿಗೆ ಹಾಕುವ 12 ಅಂಕಿಗಳ ಹಳದಿ ಓಲೆಯನ್ನು ಕೆಲವರು ಸರ್ಕಾರದ ಕಾಟವೆಂದು ಕಿತ್ತುಹಾಕುತ್ತಾರೆ. ಇದು ತಪ್ಪು. ಕರುವಿಗೆ ಓಲೆ ಹಾಕಿಸಿ ಹುಟ್ಟಿದ ತಾರೀಖನ್ನು ಬರೆಸಿದರೆ, ಅದೇ ಮುಂದೆ ಲಸಿಕೆಗೆ, ವಿಮೆಗೆ, ಮಾರಾಟಕ್ಕೆ, ವಯಸ್ಸಿನ ದೃಢೀಕರಣಕ್ಕೆ ಆಧಾರವಾಗುತ್ತದೆ. ಮನೆಯಲ್ಲಿ ಮಕ್ಕಳ ಜನನ ಪತ್ರವನ್ನು ಇಡುವ ಪೆಟ್ಟಿಗೆಯಲ್ಲೇ ದನಗಳ ಒಂದು ಪುಸ್ತಕವೂ ಇರಲಿ.

ಒಂದು ಎತ್ತಿನ ವರ್ಷದ ಲೆಕ್ಕ

ಈಗ ನನ್ನ ಸ್ವಂತ ಕ್ಷೇತ್ರಕ್ಕೆ ಬರುತ್ತೇನೆ. ಮುದಿ ಎತ್ತು ಗೊಬ್ಬರ ಕೊಡುತ್ತದೆ, ಅದರಿಂದಲೇ ಅದರ ಮೇವಿನ ಖರ್ಚು ಹುಟ್ಟುತ್ತದೆ ಎಂದು ಕೆಲವರು ಹೇಳುತ್ತಾರೆ. ಮುದಿ ಎತ್ತಿನಿಂದ ಏನೂ ಪ್ರಯೋಜನವಿಲ್ಲ ಎಂದು ಇನ್ನು ಕೆಲವರು. ಲೆಕ್ಕ ಹಾಕಿ ನೋಡಿದರೆ ಎರಡೂ ಪೂರ್ತಿ ನಿಜವಲ್ಲ.

ಎತ್ತಿನ ತೂಕ 350 ಕಿ.ಗ್ರಾಂ. ಎಂದು ಇಟ್ಟುಕೊಳ್ಳೋಣ. ಕೆಲಸವಿಲ್ಲದೆ ನಿಂತ ಎತ್ತಿಗೂ ತೂಕದ ನೂರಕ್ಕೆ ಎರಡು ಪಾಲಿನಷ್ಟು, ಅಂದರೆ 7 ಕಿ.ಗ್ರಾಂ. ಒಣಪದಾರ್ಥ ದಿನಕ್ಕೆ ಬೇಕು. ರಾಗಿ ಹುಲ್ಲಿನ ಲೆಕ್ಕದಲ್ಲಿ ಇದು ಸುಮಾರು 8 ಕಿ.ಗ್ರಾಂ. ವರ್ಷಕ್ಕೆ 2.9 ಟನ್. ಮಳೆಯಾಶ್ರಿತ ಭೂಮಿಯಲ್ಲಿ ಎಕರೆಗೆ ಒಂದೂವರೆ ಟನ್ ಹುಲ್ಲು ಬರುತ್ತದೆಂದು ಹಿಡಿದರೆ, ಸುಮಾರು ಎರಡು ಎಕರೆಯ ರಾಗಿ ಹುಲ್ಲು ಒಂದೇ ಎತ್ತಿಗೆ ಮುಗಿಯುತ್ತದೆ. ಹುಲ್ಲಿನ ಬೆಲೆಯನ್ನು ಕಿ.ಗ್ರಾಂ.ಗೆ 5 ರೂ. ಎಂದು ಹಿಡಿದರೆ ದಿನಕ್ಕೆ 40 ರೂ., ವರ್ಷಕ್ಕೆ 14,600 ರೂ. ನಿಮ್ಮ ಊರಿನ ಬೆಲೆ ಬೇರೆಯಿದ್ದರೆ ಅದನ್ನೇ ಹಾಕಿ ಗುಣಿಸಿ. ಸರ್ಕಾರವೇ 2022ರಲ್ಲಿ ಆರಂಭಿಸಿದ ಪುಣ್ಯಕೋಟಿ ದತ್ತು ಯೋಜನೆಯಲ್ಲಿ ಗೋಶಾಲೆಯ ಒಂದು ರಾಸನ್ನು ಒಂದು ವರ್ಷ ದತ್ತು ಪಡೆಯಲು 11,000 ರೂ. ಎಂದು ಗೊತ್ತುಪಡಿಸಿತ್ತು. ಲೆಕ್ಕ ಹೆಚ್ಚು ಕಡಿಮೆ ಅದೇ ಮಟ್ಟದ್ದು.

ಇನ್ನು ಆದಾಯ. ಇಂತಹ ಎತ್ತು ದಿನಕ್ಕೆ 12 ಕಿ.ಗ್ರಾಂ. ಹಸಿ ಸಗಣಿ ಹಾಕಿದರೆ ವರ್ಷಕ್ಕೆ ಸುಮಾರು 4.4 ಟನ್. ಕೊಳೆತು ಗೊಬ್ಬರವಾಗುವಾಗ ಅರ್ಧಕ್ಕೆ ಇಳಿದರೆ 2.2 ಟನ್. ಸಾಧಾರಣ ಕೊಟ್ಟಿಗೆ ಗೊಬ್ಬರದಲ್ಲಿ ನೂರಕ್ಕೆ ಅರ್ಧ ಪಾಲು ಸಾರಜನಕವಿರುತ್ತದೆ. ಅಂದರೆ 11 ಕಿ.ಗ್ರಾಂ. ಸಾರಜನಕ, ಹೆಚ್ಚು ಕಡಿಮೆ ಅಷ್ಟೇ ಪೊಟ್ಯಾಷ್, 4ರಿಂದ 5 ಕಿ.ಗ್ರಾಂ. ರಂಜಕ. ಈ ಸಾರಜನಕ 45 ಕಿ.ಗ್ರಾಂ. ತೂಕದ ಅರ್ಧ ಚೀಲ ಯೂರಿಯಾದಲ್ಲೇ ಸಿಗುತ್ತದೆ. ರಿಯಾಯಿತಿ ದರದ ಯೂರಿಯಾ ಚೀಲದ ಬೆಲೆ ನಿಮಗೆ ಗೊತ್ತೇ ಇದೆ. ಪೋಷಕಾಂಶವನ್ನು ಮಾತ್ರ ಎಣಿಸಿದರೆ ಗೊಬ್ಬರವು ಮೇವಿನ ಖರ್ಚಿನ ಹತ್ತಿರಕ್ಕೂ ಬರುವುದಿಲ್ಲ. ಇದನ್ನು ಮುಚ್ಚಿಟ್ಟು ಮಾತನಾಡುವುದು ರೈತನಿಗೆ ಮಾಡುವ ಅನ್ಯಾಯ.

ಆದರೆ ಗೊಬ್ಬರವೆಂದರೆ ಬರೀ ಸಾರಜನಕವಲ್ಲ. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದ ಕೆಂಪು ಭೂಮಿಯಲ್ಲಿ 1978ರಿಂದ ನಡೆದುಬಂದಿರುವ ದೀರ್ಘಾವಧಿ ಒಣಬೇಸಾಯ ಪ್ರಯೋಗಗಳಲ್ಲಿ, ಬರೀ ರಸಗೊಬ್ಬರ ಹಾಕಿದ ತಾಕುಗಳಲ್ಲಿ ರಾಗಿಯ ಇಳುವರಿ ಕಾಲಕ್ರಮದಲ್ಲಿ ಇಳಿಯುತ್ತ ಬಂದಿತು. ರಸಗೊಬ್ಬರದ ಜೊತೆಗೆ ಕೊಟ್ಟಿಗೆ ಗೊಬ್ಬರ ಹಾಕಿದ ತಾಕುಗಳಲ್ಲಿ ಇಳುವರಿ ನೆಲೆನಿಂತಿತು. ಸಾವಯವ ಇಂಗಾಲ, ತೇವ ಹಿಡಿಯುವ ಶಕ್ತಿ, ಮಣ್ಣಿನ ಜೀವಾಣುಗಳು, ಇವು ಯೂರಿಯಾ ಚೀಲದಲ್ಲಿ ಬರುವುದಿಲ್ಲ. ಮಳೆಯಾಶ್ರಿತ ರಾಗಿಗೆ ಎಕರೆಗೆ 3 ಟನ್ ಕೊಟ್ಟಿಗೆ ಗೊಬ್ಬರ ಶಿಫಾರಸಾಗಿದೆ. ಒಂದು ಎತ್ತಿನ ಗೊಬ್ಬರ ಮುಕ್ಕಾಲು ಎಕರೆಗೆ ಸಾಕು. ನಿಮ್ಮ ಊರಿನಲ್ಲಿ ಒಂದು ಟ್ರ್ಯಾಕ್ಟರ್ ಲೋಡು ಗೊಬ್ಬರ ಕೊಳ್ಳಲು ಏನು ಬೆಲೆ ಕೊಡುತ್ತೀರೋ ಅದನ್ನು ಈ ಎತ್ತಿನ ಖಾತೆಗೆ ಜಮೆ ಮಾಡಿ. ಆಗಲೂ ಖರ್ಚಿನ ಒಂದು ಭಾಗ ಮಾತ್ರ ಹುಟ್ಟುತ್ತದೆ. ಉಳಿದದ್ದು ನಷ್ಟ.

ನಷ್ಟವನ್ನು ಕಡಿಮೆ ಮಾಡುವ ಬಗೆ

ಮುದಿ ಪ್ರಾಣಿ ಈಗಾಗಲೇ ಕೊಟ್ಟಿಗೆಯಲ್ಲಿದ್ದರೆ ಅದರ ಖರ್ಚು ಇಳಿಸಬೇಕು, ಹುಟ್ಟುವಳಿ ಹೆಚ್ಚಿಸಬೇಕು. ಹಲ್ಲು ಸವೆದ ದನಕ್ಕೆ ಉದ್ದ ಹುಲ್ಲು ಹಾಕಿದರೆ ಅರ್ಧ ತುಳಿದು ಹಾಳಾಗುತ್ತದೆ, ಕತ್ತರಿಸಿ ಹಾಕಿ. 100 ಕಿ.ಗ್ರಾಂ. ಒಣಹುಲ್ಲಿಗೆ 4 ಕಿ.ಗ್ರಾಂ. ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ ಸಮವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಮೂರು ವಾರ ಬಿಟ್ಟರೆ ಹುಲ್ಲು ಮೆತ್ತಗಾಗಿ ಜೀರ್ಣಶಕ್ತಿ ಹೆಚ್ಚುತ್ತದೆ. ತೆಗೆದ ಮೇಲೆ ಸ್ವಲ್ಪ ಹೊತ್ತು ಗಾಳಿಗೆ ಹರಡಿ ಹಾಕಬೇಕು. ಆರು ತಿಂಗಳೊಳಗಿನ ಕರುಗಳಿಗೆ ಇದನ್ನು ಹಾಕಬಾರದು. ಯೂರಿಯಾ ನೀರನ್ನು ದನ ಕುಡಿಯದಂತೆ ಬಹಳ ಎಚ್ಚರ ವಹಿಸಬೇಕು.

ಸಗಣಿಗಿಂತ ನಾವು ಹೆಚ್ಚು ಕಳೆದುಕೊಳ್ಳುವುದು ಗಂಜಲವನ್ನು. ಮಣ್ಣು ನೆಲದ ಕೊಟ್ಟಿಗೆಯಲ್ಲಿ ಅದು ಇಂಗಿ ಹೋಗುತ್ತದೆ. ಬೇರೇನೂ ಮಾಡಲಾಗದಿದ್ದರೂ ರಾತ್ರಿ ಕೊಟ್ಟಿಗೆಯಲ್ಲಿ ತರಗು, ಮೇವಿನ ಉಳಿಕೆ ಹಾಸಿ ಬೆಳಗ್ಗೆ ಅದನ್ನು ತಿಪ್ಪೆಗೆ ಸೇರಿಸಿ. ತಿಪ್ಪೆ ಬಿಸಿಲಿಗೆ ಒಣಗದಂತೆ, ಮಳೆಗೆ ತೊಳೆದುಹೋಗದಂತೆ ಗುಂಡಿಯಲ್ಲಿರಲಿ, ಮೇಲೆ ಮಣ್ಣು ಮುಚ್ಚಿರಲಿ. ನಾಲ್ಕು ದನವಿದ್ದವರಿಗೆ 2 ಘನ ಮೀಟರಿನ ಗೋಬರ್ ಗ್ಯಾಸ್ ಘಟಕಕ್ಕೆ ಬೇಕಾದ ದಿನಕ್ಕೆ 50 ಕಿ.ಗ್ರಾಂ. ಸಗಣಿ ಸಿಗುತ್ತದೆ. ಸೌದೆ, ಸಿಲಿಂಡರಿನ ಉಳಿತಾಯವೂ ಎತ್ತಿನ ಖಾತೆಗೇ ಜಮೆ.

ಆದರೆ ನಿಜವಾದ ಉಪಾಯ ಮುಂಚಿತವಾಗಿ ಮಾಡುವುದು. ಮೊದಲನೆಯದಾಗಿ, ಮೇವಿಗೆ ತಕ್ಕಷ್ಟೇ ದನ. ಸುಗ್ಗಿಯಲ್ಲಿ ಮೆದೆ ಹಾಕಿದ ದಿನವೇ ಹುಲ್ಲಿನ ಅಂದಾಜು ಮಾಡಿ ಎಷ್ಟು ರಾಸಿಗೆ ಎಷ್ಟು ತಿಂಗಳು ಬರುತ್ತದೆಂದು ನೋಡಿಕೊಳ್ಳಿ. ಎರಡನೆಯದಾಗಿ, ಉಳುವ ಜೋಡಿಯನ್ನು ಕೊನೆಯವರೆಗೆ ದುಡಿಸಿ ನಿಲ್ಲಿಸಬೇಡಿ. ಎಂಟು ಒಂಬತ್ತು ವರ್ಷದಲ್ಲಿ, ಇನ್ನೂ ನೊಗಕ್ಕೆ ಬೆಲೆಯಿರುವಾಗ, ಹಗುರ ಕೆಲಸ ಮತ್ತು ಮೇವಿನ ಅನುಕೂಲವಿರುವ ರೈತನಿಗೆ ರಸೀದಿಯೊಡನೆ ಮಾರಿ. ಮೂರನೆಯದಾಗಿ, ಎರಡು ಮೂರು ಎಕರೆಯ ಹಿಡುವಳಿಗೆ ಸ್ವಂತ ಜೋಡಿ ಬೇಕೇ ಎಂದು ಯೋಚಿಸಿ. ಎತ್ತಿನ ಮುಯ್ಯಿ ನಮ್ಮಲ್ಲಿ ಹಳೆಯ ಪದ್ಧತಿ. ಕೃಷಿ ಯಂತ್ರಧಾರೆ ಕೇಂದ್ರದ ಬಾಡಿಗೆಯನ್ನೂ, ಎರಡು ಎತ್ತಿನ ಇಡೀ ವರ್ಷದ ಮೇವನ್ನೂ ಪಕ್ಕದಲ್ಲಿಟ್ಟು ತೂಗಿ ನೋಡಿ.

ನಾಲ್ಕನೆಯದು ಹಾಲಿನ ಹಸು ಸಾಕುವವರಿಗೆ. ಮಿಶ್ರತಳಿಯ ಗಂಡುಕರುವಿಗೆ ಡುಬ್ಬ ಸಣ್ಣದು, ಬಿಸಿಲು ತಡೆಯುವ ಶಕ್ತಿ ಕಡಿಮೆ. ಹಳ್ಳಿಕಾರ್, ಅಮೃತಮಹಲ್, ಖಿಲಾರಿ ಹೋರಿಗಳಿಗಿರುವ ಬೆಲೆ ಅದಕ್ಕೆ ಜಾತ್ರೆಯಲ್ಲಿ ಸಿಗುವುದಿಲ್ಲ. ಅದು ಹುಟ್ಟಿದ ದಿನದಿಂದಲೇ ಖರ್ಚಿನ ಖಾತೆ. ಕೃತಕ ಗರ್ಭಧಾರಣೆಯಲ್ಲಿ ಲಿಂಗ ನಿರ್ಧರಿತ ವೀರ್ಯವನ್ನು ಬಳಸಿದರೆ ಹುಟ್ಟುವ ನೂರು ಕರುಗಳಲ್ಲಿ ತೊಂಬತ್ತರಷ್ಟು ಹೆಣ್ಣಾಗುತ್ತವೆ. ಬೀದಿಗೆ ಬಿಟ್ಟ ಗಂಡುಕರು ನಾಳೆ ನಿಮ್ಮದೇ ಅಕ್ಕಡಿ ಬೆಳೆಯನ್ನು ಮೇಯುತ್ತದೆ. ಬಿಡುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳುವುದು ಮೇಲು. ದೇಶದ ರೈತರು ಈ ಲೆಕ್ಕವನ್ನು ತಾವಾಗಿಯೇ ಹಾಕಿದಂತಿದೆ. 2012 ಮತ್ತು 2019ರ ಜಾನುವಾರು ಗಣತಿಗಳ ನಡುವೆ ಭಾರತದಲ್ಲಿ ಹಸುಗಳ ಸಂಖ್ಯೆ ನೂರಕ್ಕೆ 18ರಷ್ಟು ಏರಿತು, ಎತ್ತು ಹೋರಿಗಳ ಸಂಖ್ಯೆ ನೂರಕ್ಕೆ 30ರಷ್ಟು ಇಳಿಯಿತು. ಟ್ರ್ಯಾಕ್ಟರೂ ಇದಕ್ಕೆ ದೊಡ್ಡ ಕಾರಣವೆಂಬುದನ್ನು ಮರೆಯಬಾರದು.

ಮಾಂಸದ ಪೂರೈಕೆ ಮತ್ತು ಕುರಿ ಸಾಕುವವರು

ಇಲ್ಲಿಯವರೆಗೆ ವಧೆ ಮಾಡಬಾರದ ಪ್ರಾಣಿಯ ಮಾತಾಯಿತು. ಮಾಂಸಕ್ಕಾಗಿಯೇ ಸಾಕುವ ಕುರಿ ಮೇಕೆಗಳಿಗೆ ಈ ಕಾನೂನು ತಾಗುವುದಿಲ್ಲ. ಆದರೆ ಅವುಗಳ ವಧೆಗೂ ನಿಯಮಗಳಿವೆ, ಅವುಗಳಲ್ಲಿ ಸಾಕುವವನ ಹಿತವೂ ಅಡಗಿದೆ. 2019ರ ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1 ಕೋಟಿ 10 ಲಕ್ಷ ಕುರಿ, 60 ಲಕ್ಷಕ್ಕೂ ಹೆಚ್ಚು ಮೇಕೆಗಳಿದ್ದವು. ಒಣಭೂಮಿಯ ಕುಟುಂಬಕ್ಕೆ ಇವು ನಡೆದಾಡುವ ಬ್ಯಾಂಕು.

ಕೇಂದ್ರದ ವಧಾಗೃಹ ನಿಯಮಗಳು, 2001ರ ಪ್ರಕಾರ ಗಬ್ಬದ ಪ್ರಾಣಿ, ಮೂರು ತಿಂಗಳಿಗಿಂತ ಚಿಕ್ಕ ಮರಿಯುಳ್ಳ ತಾಯಿ ಮತ್ತು ಮೂರು ತಿಂಗಳಿಗಿಂತ ಚಿಕ್ಕ ಮರಿಯನ್ನು ವಧೆ ಮಾಡುವಂತಿಲ್ಲ. ವಧೆಗೆ ಮುನ್ನ ಪಶುವೈದ್ಯರು ಪರೀಕ್ಷಿಸಬೇಕು, ಪ್ರಾಣಿಗೆ 24 ಗಂಟೆ ವಿಶ್ರಾಂತಿ ಇರಬೇಕು. ಒಬ್ಬ ವೈದ್ಯರು ಗಂಟೆಗೆ 12ಕ್ಕಿಂತ, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿಗಳನ್ನು ಪರೀಕ್ಷಿಸಬಾರದೆಂದೂ ಇದೆ. ಆತುರದ ಪರೀಕ್ಷೆ ಪರೀಕ್ಷೆಯಲ್ಲ ಎಂಬುದು ಇದರ ಅರ್ಥ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ, 2006ರಂತೆ ದಿನಕ್ಕೆ 10 ಕುರಿ ಮೇಕೆಗಳವರೆಗೆ ಕೊಯ್ಯುವ ಚಿಕ್ಕ ಅಂಗಡಿಗೆ ನೋಂದಣಿ, ಅದಕ್ಕಿಂತ ಹೆಚ್ಚಿಗೆ ಪರವಾನಗಿ ಅಗತ್ಯ.

ಇವೆಲ್ಲ ಕಟುಕರಿಗೆ, ಪಟ್ಟಣದವರಿಗೆ ಸಂಬಂಧಿಸಿದ್ದು ಎಂದು ಕೈಕಟ್ಟಿ ಕೂರಬೇಡಿ. ಗಬ್ಬದ ಕುರಿಯನ್ನು ಹಣದ ಅಡಚಣೆಗೆಂದು ವಧೆಗೆ ಮಾರಿದರೆ ಒಂದರ ಬೆಲೆಗೆ ಎರಡು ಹೋದಂತೆ. ಇಂಜೆಕ್ಷನ್ ಕೊಡಿಸಿದ ಮಾರನೆಯ ದಿನವೇ ಮಾರಿದ ಟಗರಿನ ಮಾಂಸದಲ್ಲಿ ಔಷಧದ ಅಂಶ ಉಳಿಯುತ್ತದೆ. ಎಷ್ಟು ದಿನ ಬಿಟ್ಟು ಮಾರಬೇಕೆಂದು ವೈದ್ಯರನ್ನು ಕೇಳಿ. ಇನ್ನು, ಇದ್ದಕ್ಕಿದ್ದಂತೆ ಸತ್ತ, ಮೂಗು ಬಾಯಿ ಗುದದ್ವಾರಗಳಲ್ಲಿ ಹೆಪ್ಪುಗಟ್ಟದ ಕಪ್ಪು ರಕ್ತ ಬಂದ ಪ್ರಾಣಿಯನ್ನು ಯಾವ ಕಾರಣಕ್ಕೂ ಕೊಯ್ಯಬೇಡಿ, ಚರ್ಮ ಸುಲಿಯಬೇಡಿ, ಹಂಚಿ ತಿನ್ನಬೇಡಿ. ಅದು ನೆರಡಿ ರೋಗವಿರಬಹುದು. ಅದು ಮನುಷ್ಯನಿಗೂ ಬರುತ್ತದೆ, ಅದರ ರೋಗಾಣು ಮಣ್ಣಿನಲ್ಲಿ ಹತ್ತಾರು ವರ್ಷ ಬದುಕಿರುತ್ತದೆ. ಪಶು ಆಸ್ಪತ್ರೆಗೆ ತಿಳಿಸಿ, ಅವರು ಹೇಳಿದಂತೆ ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿಸಿ.

ಮಾರಾಟದಲ್ಲಿಯೂ ಲೆಕ್ಕವಿರಲಿ. ಕಣ್ಣಂದಾಜಿನಲ್ಲಿ ಮಾರುವುದನ್ನು ಬಿಟ್ಟು ತೂಕದ ಮೇಲೆ ಮಾರಿ. ಕುರಿಯ ಜೀವತೂಕದಲ್ಲಿ ಸಾಧಾರಣವಾಗಿ ನೂರಕ್ಕೆ 45ರಿಂದ 50ರಷ್ಟು ಮಾಂಸ ಸಿಗುತ್ತದೆ. 25 ಕಿ.ಗ್ರಾಂ. ಟಗರಿನಲ್ಲಿ 11ರಿಂದ 12 ಕಿ.ಗ್ರಾಂ. ಪೇಟೆಯ ಮಾಂಸದ ದರ ಗೊತ್ತಿದ್ದರೆ ದಲ್ಲಾಳಿ ಹೇಳುವ ಬೆಲೆ ನ್ಯಾಯವೋ ಅಲ್ಲವೋ ಸಂತೆಯಲ್ಲೇ ತಿಳಿಯುತ್ತದೆ. ಹೊಸತೊಡಕು, ಬಕ್ರೀದ್, ಊರ ಮಾರಿಹಬ್ಬಗಳ ಮುಂಚೆ ಬೆಲೆ ಏರುತ್ತದೆ. ಬೆಂಗಳೂರಿನಂತಹ ನಗರಗಳಲ್ಲಿ ಗಾಂಧಿ ಜಯಂತಿ, ಮಹಾವೀರ ಜಯಂತಿ ಮುಂತಾದ ದಿನ ವಧೆ ಮತ್ತು ಮಾಂಸ ಮಾರಾಟವನ್ನು ನಗರಾಡಳಿತ ನಿಲ್ಲಿಸುತ್ತ ಬಂದಿದೆ. ಅದರ ಹಿಂದಿನ ದಿನ ಮಂದೆ ಹೊಡೆದುಕೊಂಡು ಹೋದವನು ಕೇಳಿದ ಬೆಲೆಗೆ ಕೊಟ್ಟು ಬರಬೇಕಾಗುತ್ತದೆ. ಪಂಚಾಂಗ ನೋಡಿ ಬಿತ್ತುವವರು ಪಂಚಾಂಗ ನೋಡಿಯೇ ಮಾರುವುದನ್ನೂ ಕಲಿಯಬೇಕು.

ವಿಸ್ತರಣಾ ಕಾರ್ಯಕರ್ತರಿಗೆ ಒಂದು ಮಾತು

ಮಿತ್ರರೇ, ಈ ವಿಷಯ ಬಂದಾಗ ನಾವು ಮಾತು ತೇಲಿಸುತ್ತೇವೆ. ಸೂಕ್ಷ್ಮ ವಿಷಯ, ನಮಗೇಕೆ ಎನ್ನುತ್ತೇವೆ. ಅದರಿಂದ ರೈತ ಅರೆಬರೆ ಸುದ್ದಿಯನ್ನು ನಂಬಿ ಹೆದರುತ್ತಾನೆ, ಇಲ್ಲವೆ ಮೋಸ ಹೋಗುತ್ತಾನೆ. ಕಾನೂನಿನ ಪರ ಅಥವಾ ವಿರೋಧ ಮಾತನಾಡುವುದು ನಮ್ಮ ಕೆಲಸವಲ್ಲ. ಕಾನೂನು ಏನೆಂದು ನೇರವಾಗಿ ತಿಳಿಸುವುದು ನಮ್ಮ ಕೆಲಸ. ಅದರ ಜೊತೆಗೆ ನಿಮ್ಮ ವೃತ್ತದ ಹಳ್ಳಿಗಳಲ್ಲಿ ನಿರುಪಯುಕ್ತ ರಾಸುಗಳೆಷ್ಟು, ಮೇವಿನ ಕೊರತೆ ಯಾವ ತಿಂಗಳಿನಲ್ಲಿ, ಹತ್ತಿರದ ಗೋಶಾಲೆಯಲ್ಲಿ ಜಾಗವಿದೆಯೇ ಎಂಬುದನ್ನು ಬರೆದು ಮೇಲಕ್ಕೆ ಕಳುಹಿಸಿ. ಮುದಿ ದನವನ್ನು ಉಳಿಸಬೇಕೆಂದು ಸಮಾಜ ತೀರ್ಮಾನಿಸಿದ ಮೇಲೆ ಅದರ ಹುಲ್ಲಿನ ಹೊರೆಯಲ್ಲೂ ಸಮಾಜ ಕೈಕೊಡಬೇಕು. ಎರಡು ಎಕರೆಯ ರೈತನೊಬ್ಬನೇ ಅದನ್ನು ಹೊರಲಾರ. ಇದನ್ನು ಅಂಕಿಅಂಶಗಳೊಡನೆ ತಿಳಿಸಬೇಕಾದವರು ನೀವೇ.

ಕೊನೆಯದಾಗಿ, ಪ್ರಶ್ನೆ ಕೇಳಿದ ಆ ಹಿರಿಯರನ್ನು ಅನಂತರ ಅವರ ಮನೆಯಲ್ಲಿಯೇ ಕಂಡೆ. ಎತ್ತು ಹುಣಸೆಮರದ ಕೆಳಗೆ ಮಲಗಿತ್ತು. ಹುಲ್ಲು ಕತ್ತರಿಸಿ ಹಾಕುವುದು, ಕೊಟ್ಟಿಗೆಗೆ ತರಗು ಹಾಸುವುದು, ಜಾಗವಿದ್ದರೆ ರಸೀದಿ ಪಡೆದು ಗೋಶಾಲೆಗೆ ಒಪ್ಪಿಸುವುದು, ಕತ್ತಲೆಯ ದಲ್ಲಾಳಿಯನ್ನು ಮನೆಗೆ ಸೇರಿಸದಿರುವುದು, ಇಷ್ಟನ್ನೇ ಹೇಳಲು ನನ್ನಿಂದಾಯಿತು. "ಗೋಶಾಲೆ ಬೇಡ ಸ್ವಾಮಿ, ಇಲ್ಲೇ ಇರಲಿ, ಎಷ್ಟು ದಿನ ಇರುತ್ತೋ" ಎಂದರು ಅವರು. ಪಕ್ಕದಲ್ಲಿ ಮೂರು ತಿಂಗಳ ಕರುವೊಂದು ಕಟ್ಟಿತ್ತು. ಅದರ ಕಿವಿಯಲ್ಲಿ ಓಲೆಯಿರಲಿಲ್ಲ. ಎತ್ತಿನ ವಿಷಯದಲ್ಲಿ ನಾವಿಬ್ಬರೂ ತಡಮಾಡಿದ್ದೆವು. ಕರುವಿನ ವಿಷಯದಲ್ಲಿ ಇನ್ನೂ ತಡವಾಗಿರಲಿಲ್ಲ. ಮಾರನೆಯ ವಾರವೇ ಅದಕ್ಕೆ ಓಲೆ ಹಾಕಿಸಿ, ಹುಟ್ಟಿದ ತಾರೀಖು ಬರೆಸಿದ್ದಾರೆಂದು ತಿಳಿದು ಸಂತೋಷವಾಯಿತು. ನೀವೂ ಇಂದು ಊರಿಗೆ ಹೋದ ಮೇಲೆ ಮಾಡಬೇಕಾದ ಮೊದಲ ಕೆಲಸ ಅದೇ.